ಮಾವನ ಪಿಕಪ್‌ಗೆ ಹ್ಯಾಮ್ ರೇಡಿಯೋ

ಹ್ಯಾಮ್ ರೇಡಿಯೋದಲ್ಲಿ ಹಾಡು ಬರಲ್ಲ. ಪರೀಕ್ಷೆ ಬರೆದು ಸರ್ಕಾರದ ಲೈಸೆನ್ಸ್ ಪಡೆದವರು ಒಬ್ಬರಿಗೊಬ್ಬರು ಮಾತಾಡುವ ಸೆಟ್ ಇದು. ಫೋನಿನ ಟವರ್ ಕೆಟ್ಟರೂ ನಡೆಯುತ್ತದೆ. ಲೈಸೆನ್ಸ್ ಇರುವ ನಮ್ಮ ಸೋದರಮಾವ ಬೇಸಿಗೆ ರಜೆಯಲ್ಲಿ ತಮ್ಮ ಪಿಕಪ್ ಗಾಡಿಗೆ ಇದನ್ನು ಕೂರಿಸಿದರು. ಸ್ಪ್ಯಾನರ್ ಕೊಡುವ ಕೆಲಸ ನನ್ನದು.

ಏರಿಯಲ್ ಕ್ಯಾಬಿನ್ನಿನ ಮೇಲೆ, ನಟ್ಟನಡುವೆ. 145 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 2 ಮೀಟರ್. ಅದರ ಕಾಲು ಭಾಗ, ಅಂದರೆ ಅರ್ಧ ಮೀಟರ್ ಕಡ್ಡಿ ಸಾಕು. ಕೆಳಗಿನ ತಗಡೇ ಇನ್ನರ್ಧ ಏರಿಯಲ್‌ನಂತೆ ಕೆಲಸ ಮಾಡುತ್ತದೆ.

"ಮಾವ, ಸಿಗರೇಟ್ ಲೈಟರ್ ಸಾಕೆಟ್ಟಿಂದ ಕರೆಂಟ್ ತಗೊಂಡ್ರಾಯ್ತಲ್ಲ?" ಅಂದೆ. 50 ವ್ಯಾಟ್ ಸೆಟ್ಟು ಮಾತಾಡುವಾಗ 10 ಆಂಪಿಯರ್ ಆಸುಪಾಸು ಎಳೆಯುತ್ತದೆ, ಅಲ್ಲಿನ ಸಣ್ಣ ವೈರು ಕಾಯುತ್ತದಂತೆ. ಆದ್ದರಿಂದ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದೆವು. ಫ್ಯೂಸನ್ನು ಸೆಟ್ಟಿನ ಹತ್ತಿರ ಅಲ್ಲ, ಬ್ಯಾಟರಿ ಪಕ್ಕದಲ್ಲೇ ಹಾಕಿದರು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಇಂಜಿನ್ ಕಡೆಯ ತಗಡಿನ ತೂತಿನಲ್ಲಿ ವೈರು ತೂರಿಸಿದವನು ನಾನು. ರಬ್ಬರ್ ಬುಶ್ ಹಾಕೋದು ಮರೆತೆ. ಮೂರನೇ ದಿನ ಪ್ಲಸ್ ವೈರಿನ ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗಿತು. ಫ್ಯೂಸ್ ಹೋಯಿತು, ಅಷ್ಟೇ. ಅದು ಸೆಟ್ಟಿನ ಹತ್ತಿರ ಇದ್ದಿದ್ದರೆ ಬ್ಯಾಟರಿಯಿಂದ ತೂತಿನವರೆಗಿನ ವೈರಿಗೆ ಕಾವಲೇ ಇರುತ್ತಿರಲಿಲ್ಲ, ಗಾಡಿಗೆ ಬೆಂಕಿ ಹತ್ತಬಹುದಿತ್ತು. ಮಾವ ಬೈಯಲಿಲ್ಲ. ಸುಟ್ಟ ಫ್ಯೂಸ್ ನನ್ನ ಕಂಪಾಸ್ ಬಾಕ್ಸಿನಲ್ಲಿದೆ, ಬೇಕಾದವರು ನೋಡಬಹುದು.