ದೊಡ್ಡ ಅಂಗಡಿಯ ಜಮಾ-ಖರ್ಚು: ಒಂದು ಅಭ್ಯಾಸ ಪಾಠ



ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಕೂಡಿಸುವಾಗ ನಾವು ಬರಿಯ ಲೆಕ್ಕವನ್ನು ನಂಬಿ ಕೂರುವುದಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣ ಸರಿಯಾಗಿದ್ದರೂ, ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಸುಣ್ಣದ ಚೀಲದ ಮೇಲೆ ಏನು ಅಚ್ಚಾಗಿದೆ ಎಂಬುದಕ್ಕಿಂತ ಚೂರಿ ಏನು ಹೇಳುತ್ತದೆ ಎಂಬುದೇ ನಮಗೆ ಮುಖ್ಯ.

ಒಂದು ವ್ಯಾಪಾರ ಸಂಸ್ಥೆ ‘ನಾವು ಕಾಡನ್ನು ಕಾಯುತ್ತೇವೆ, ನ್ಯಾಯವಾಗಿ ನಡೆಯುತ್ತೇವೆ’ ಎಂದು ಹೇಳಿಕೊಂಡಾಗಲೂ ಇಂತಹ ಒಂದು ಚೂರಿ ನಮ್ಮ ಕೈಯಲ್ಲಿರಬೇಕು. ಈ ಮಾತು ಇಂದು ಬೆಳೆಗಾರರಿಗೆ ದೂರದ ವಿಷಯವಲ್ಲ. ನಮ್ಮ ಕಾಫಿಯನ್ನು ಕೊಳ್ಳುವ ಹೊರದೇಶದವರು ಅದು ಯಾವ ತೋಟದ್ದು, ಯಾವ ಕಾಡನ್ನು ಕಡಿದು ಬೆಳೆದದ್ದು ಎಂದು ಕೇಳತೊಡಗಿದ್ದಾರೆ. ಇಂತಹ ಪ್ರಶ್ನೆಗಳನ್ನು ನಮಗಿಂತ ಬಹಳ ಮೊದಲೇ ಎದುರಿಸಿದ ಒಂದು ಹಾರ್ಡ್‌ವೇರ್ ಅಂಗಡಿಯ ಖಾತೆಯನ್ನು ಈ ಪಾಠದಲ್ಲಿ ಬಿಡಿಸಿ ನೋಡೋಣ.

ಅಂಗಡಿಯ ಪರಿಚಯ

ಹೋಮ್ ಡಿಪೋ ಎಂಬುದು ಅಮೆರಿಕದ ಕಂಪೆನಿ. ಬರ್ನಾರ್ಡ್ ಮಾರ್ಕಸ್ ಮತ್ತು ಆರ್ಥರ್ ಬ್ಲ್ಯಾಂಕ್ ಎಂಬಿಬ್ಬರು ಇದನ್ನು 1978ರಲ್ಲಿ ಸ್ಥಾಪಿಸಿದರು. ಮೊದಲ ಅಂಗಡಿಗಳು 1979ರಲ್ಲಿ ಅಟ್ಲಾಂಟ ನಗರದಲ್ಲಿ ಬಾಗಿಲು ತೆರೆದವು. ಈಗ ಅಮೆರಿಕ, ಕೆನಡ ಮತ್ತು ಮೆಕ್ಸಿಕೊ ದೇಶಗಳಲ್ಲಿ ಇದಕ್ಕೆ 2,300ಕ್ಕೂ ಹೆಚ್ಚು ಅಂಗಡಿಗಳಿವೆ. ನಮ್ಮ ದೇಶದಲ್ಲಿ ಇದರ ಅಂಗಡಿ ಇಲ್ಲ. ಮೊಳೆ, ಪೈಪು, ಬಣ್ಣ, ಹಲಗೆ, ಹೂವಿನ ಗಿಡ, ಕೀಟನಾಶಕ, ಹೀಗೆ ಮನೆ ಕಟ್ಟುವವನಿಗೂ ತೋಟ ಮಾಡುವವನಿಗೂ ಬೇಕಾದುದೆಲ್ಲ ಒಂದೇ ಸೂರಿನಡಿ ದೊರೆಯುತ್ತದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯೂ ಗೊಬ್ಬರದ ಅಂಗಡಿಯೂ ಮರದ ಡಿಪೋವೂ ಒಂದಾದಂತೆ ಎಂದು ತಿಳಿಯಿರಿ. 2020ರ ವ್ಯಾಪಾರ ವರ್ಷದಲ್ಲಿ ಇದರ ಒಟ್ಟು ಮಾರಾಟ ಸುಮಾರು 13,200 ಕೋಟಿ ಡಾಲರ್. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಪುಟ: ಮರ

1990ರ ದಶಕದ ಕೊನೆಯಲ್ಲಿ ರೈನ್‌ಫಾರೆಸ್ಟ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸಂಘಟನೆ ಈ ಕಂಪೆನಿಯ ಮೇಲೆ ಚಳವಳಿ ಹೂಡಿತು. ಹಳೆಯ ಕಾಡುಗಳನ್ನು ಕಡಿದು ತಂದ ಮರ ಇಲ್ಲಿ ಮಾರಾಟವಾಗುತ್ತಿದೆ ಎಂಬುದು ಅವರ ಆಪಾದನೆ. ಅಂಗಡಿಗಳ ಮುಂದೆ ಪ್ರದರ್ಶನಗಳು ನಡೆದವು. ಕೆಲವೆಡೆ ಚಳವಳಿಗಾರರು ಅಂಗಡಿಯ ಧ್ವನಿವರ್ಧಕದಲ್ಲಿಯೇ, ಇಂಥ ಸಾಲಿನಲ್ಲಿರುವ ಮರ ಅಮೆಜಾನ್ ಕಾಡಿನಿಂದ ಬಂದದ್ದೆಂದು ಗಿರಾಕಿಗಳಿಗೆ ಸಾರಿದರು. 1999ರ ಆಗಸ್ಟ್ ತಿಂಗಳಲ್ಲಿ ಮುಖ್ಯಾಧಿಕಾರಿ ಆರ್ಥರ್ ಬ್ಲ್ಯಾಂಕ್ ಒಂದು ಪ್ರಕಟಣೆ ಹೊರಡಿಸಿದರು. ಅಪಾಯದಲ್ಲಿರುವ ಕಾಡುಗಳ ಮರವನ್ನು 2002ರ ಕೊನೆಯೊಳಗೆ ಮಾರಾಟದಿಂದ ತೆಗೆಯುವುದು, ಪ್ರಮಾಣಪತ್ರ ಪಡೆದ ಮರಕ್ಕೆ ಆದ್ಯತೆ ಕೊಡುವುದು, ಇದು ಆ ಪ್ರಕಟಣೆಯ ಸಾರ. ಕಾಡಿನ ನಿರ್ವಹಣೆಯ ಪ್ರಮಾಣಪತ್ರಕ್ಕೆ ಮಾನದಂಡ ರೂಪಿಸುವ ಫಾರೆಸ್ಟ್ ಸ್ಟುವರ್ಡ್‌ಷಿಪ್ ಕೌನ್ಸಿಲ್ 1993ರಲ್ಲಿಯೇ ಸ್ಥಾಪನೆಯಾಗಿತ್ತು.

ಈ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. ಮರುವರ್ಷ, 2000ದಲ್ಲಿ, ಪ್ರತಿಸ್ಪರ್ಧಿಯಾದ ಲೋವ್ಸ್ ಕಂಪೆನಿಯೂ ಇಂತಹದೇ ನೀತಿಯನ್ನು ಪ್ರಕಟಿಸಿತು. ಚಿಲಿ ದೇಶದಲ್ಲಿ ಸಹಜ ಕಾಡನ್ನು ಕಡಿದು ನೆಡುತೋಪು ಮಾಡುವ ಪದ್ಧತಿ ಇತ್ತು. ಅದನ್ನು ನಿಲ್ಲಿಸಲು ಅಲ್ಲಿನ ಎರಡು ದೊಡ್ಡ ಮರದ ಕಂಪೆನಿಗಳೂ ಪರಿಸರ ಸಂಘಟನೆಗಳೂ 2003ರಲ್ಲಿ ಒಪ್ಪಂದಕ್ಕೆ ಬರುವಲ್ಲಿ ಹೋಮ್ ಡಿಪೋ ನಡುವೆ ನಿಂತು ಮಾತುಕತೆ ಕುದುರಿಸಿತು. ಇವೆರಡನ್ನೂ ಜಮಾ ಕಡೆಗೆ ಬರೆಯಬೇಕಾದುದು ನ್ಯಾಯ.

ಆದರೆ ಪುಟ ಅಲ್ಲಿಗೇ ಮುಗಿಯುವುದಿಲ್ಲ. ಕಂಪೆನಿ ಕೊಳ್ಳುವ ಮರದಲ್ಲಿ ಹೆಚ್ಚಿನ ಪಾಲು ಬರುವುದು ಉತ್ತರ ಅಮೆರಿಕದಿಂದಲೇ. ಆದ್ದರಿಂದ ಉಷ್ಣವಲಯದ ಕಾಡಿನ ಬಗ್ಗೆ ಕೊಟ್ಟ ಮಾತು ಒಳ್ಳೆಯದಾದರೂ ವ್ಯಾಪಾರದ ದೊಡ್ಡ ಪಾಲನ್ನು ಅದು ಮುಟ್ಟುವುದಿಲ್ಲ. ಕೆನಡದ ಹಳೆಯ ಕಾಡುಗಳ ಮಾತೇನು ಎಂಬ ಪ್ರಶ್ನೆ ಉಳಿದೇ ಇತ್ತು. 2022ರ ಮೇ ತಿಂಗಳಲ್ಲಿ ಕಂಪೆನಿಯ ಷೇರುದಾರರ ಸಭೆಗೆ ಒಂದು ನಿರ್ಣಯ ಬಂದಿತು. ಕಾಡುನಾಶವನ್ನು ತನ್ನ ಪೂರೈಕೆಯಿಂದ ತೆಗೆದುಹಾಕಲು ಇನ್ನೂ ಏನು ಮಾಡಬಹುದು ಎಂಬ ಬಗ್ಗೆ ಕಂಪೆನಿ ವರದಿ ಕೊಡಬೇಕು ಎಂಬುದೇ ಆ ನಿರ್ಣಯ. ನಿರ್ದೇಶಕ ಮಂಡಳಿ ಅದನ್ನು ವಿರೋಧಿಸಿತು. ಆದರೂ ಚಲಾವಣೆಯಾದ ಮತಗಳಲ್ಲಿ ಸುಮಾರು ಶೇಕಡ 65 ಅದರ ಪರವಾಗಿ ಬಿದ್ದವು. ಇಪ್ಪತ್ತಮೂರು ವರ್ಷಗಳ ಹಿಂದೆ ಕಾಡಿನ ಮಾತು ಕೊಟ್ಟ ಕಂಪೆನಿಯ ಒಡೆಯರೇ ‘ಲೆಕ್ಕ ತೋರಿಸಿ’ ಎಂದು ಕೇಳಬೇಕಾಯಿತು ಎಂಬುದನ್ನು ಗಮನಿಸಬೇಕು.

ಎರಡನೆಯ ಪುಟ: ಡಬ್ಬಿಗಳು

ಹಳೆಯ ಬಣ್ಣವನ್ನು ಕೆರೆದು ತೆಗೆಯಲು ಬಳಸುವ ಕೆಲವು ದ್ರಾವಣಗಳಲ್ಲಿ ಮೆಥಿಲೀನ್ ಕ್ಲೋರೈಡ್ ಎಂಬ ರಾಸಾಯನಿಕ ಇರುತ್ತಿತ್ತು. ಗಾಳಿಯಾಡದ ಕೋಣೆಯಲ್ಲಿ ಇದರ ಆವಿಯನ್ನು ಉಸಿರಾಡಿದವರು ಸತ್ತದ್ದುಂಟು. ದೇಹದೊಳಗೆ ಸೇರಿದ ಮೇಲೆ ಇದು ಇಂಗಾಲದ ಮೊನಾಕ್ಸೈಡನ್ನು ಉಂಟುಮಾಡುತ್ತದೆ. ಸರಕಾರದ ನಿಷೇಧದ ಕರಡು 2017ರಲ್ಲಿ ಹೊರಟಿತಾದರೂ ಮುಂದುವರಿಯಲು ತಡವಾಯಿತು. ಮಕ್ಕಳನ್ನು ಕಳೆದುಕೊಂಡ ಕುಟುಂಬದವರೂ ಆರೋಗ್ಯ ಸಂಘಟನೆಗಳೂ ಅಂಗಡಿಗಳ ಬಾಗಿಲಿಗೇ ಹೋದರು. 2018ರ ಮೇ ತಿಂಗಳಲ್ಲಿ ಲೋವ್ಸ್, ಜೂನ್ ತಿಂಗಳಲ್ಲಿ ಹೋಮ್ ಡಿಪೋ, ವರ್ಷಾಂತ್ಯದೊಳಗೆ ಈ ಸರಕನ್ನು ನಿಲ್ಲಿಸುವುದಾಗಿ ಪ್ರಕಟಿಸಿದವು. ಸಾಮಾನ್ಯ ಗಿರಾಕಿಗಳಿಗೆ ಇದನ್ನು ಮಾರಬಾರದೆಂಬ ಸರಕಾರಿ ನಿಯಮ ಬಂದದ್ದು 2019ರಲ್ಲಿ. ಕಾನೂನಿಗಿಂತ ಮೊದಲೇ ಅಂಗಡಿ ಕಪಾಟನ್ನು ಖಾಲಿ ಮಾಡಿತು ಎಂಬುದು ಜಮಾ. ಸಾವುಗಳು ಸಂಭವಿಸಿ, ಪ್ರತಿಸ್ಪರ್ಧಿ ಮೊದಲು ಹೆಜ್ಜೆ ಇಟ್ಟ ಮೇಲೆ ಹಾಗೆ ಮಾಡಿತು ಎಂಬುದು ಅದರ ಪಕ್ಕದ ಟಿಪ್ಪಣಿ.

ಇನ್ನೊಂದು ಡಬ್ಬಿ ನಮಗೆ ಹೆಚ್ಚು ಪರಿಚಿತ. ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳು ಜೇನ್ನೊಣಗಳಿಗೆ ಹಾನಿ ಮಾಡುತ್ತವೆ ಎಂಬ ಕಾರಣಕ್ಕಾಗಿ, ಇವುಗಳಿಂದ ಉಪಚರಿಸಿದ ಗಿಡಗಳಿಗೆ ಚೀಟಿ ಅಂಟಿಸಬೇಕೆಂದು ಹೋಮ್ ಡಿಪೋ 2014ರಲ್ಲಿ ತನಗೆ ಗಿಡ ಒದಗಿಸುವವರಿಗೆ ತಿಳಿಸಿತು. ತರುವಾಯ, 2018ರ ಹೊತ್ತಿಗೆ ಗಿಡಗಳಲ್ಲಿ ಇವುಗಳ ಬಳಕೆಯನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿತು. ನಮ್ಮ ಅಂಗಡಿಗಳಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್ ಈ ಗುಂಪಿನದೇ. ರೊಬಸ್ಟಾ ಕಾಫಿ ತನ್ನ ಗಿಡದ ಪರಾಗದಿಂದಲೇ ಕಾಯಿ ಕಟ್ಟುವುದಿಲ್ಲ; ಅದಕ್ಕೆ ಗಾಳಿಯೂ ಬೇಕು, ಹೆಜ್ಜೇನು ತುಡುವೆಗಳೂ ಬೇಕು. ಹೂವಿನ ಹೊತ್ತಿನಲ್ಲಿ ಯಾವ ಡಬ್ಬಿ ತೆರೆಯುತ್ತೇವೆ ಎಂಬುದು ನಮ್ಮ ಖಾತೆಗೂ ಸೇರುವ ವಿಷಯ.

ಮೂರನೆಯ ಪುಟ: ದಂಡಗಳು

ಇಲ್ಲಿಯವರೆಗೆ ನೋಡಿದ್ದು ಹೆಚ್ಚಾಗಿ ಕಂಪೆನಿ ತಾನಾಗಿ ಹೇಳಿದ ಮಾತುಗಳು. ಈಗ ಸರಕಾರದ ತಪಾಸಣೆಯಲ್ಲಿ ಹೊರಬಿದ್ದ ಸಂಗತಿಗಳನ್ನು ನೋಡೋಣ.

2008ರಲ್ಲಿ, ಹೊಸ ಅಂಗಡಿಗಳನ್ನು ಕಟ್ಟುವಾಗ ಮಳೆನೀರಿನೊಡನೆ ಮಣ್ಣು ಕೊಚ್ಚಿ ಹೊಳೆ ತೋಡುಗಳಿಗೆ ಸೇರುವುದನ್ನು ತಡೆಯಲಿಲ್ಲ ಎಂಬ ಆಪಾದನೆಯ ಮೇಲೆ 13 ಲಕ್ಷ ಡಾಲರ್ ದಂಡಕ್ಕೆ ಕಂಪೆನಿ ಒಪ್ಪಿಕೊಂಡಿತು. ಆಪಾದನೆಗೆ ಸೇರಿದ ನಿವೇಶನಗಳು 28 ರಾಜ್ಯಗಳಲ್ಲಿದ್ದವು. ಇಳಿಜಾರಿನಲ್ಲಿ ತೋಟ ಮಾಡುವ ನಮಗೆ ಮಣ್ಣು ಕೊಚ್ಚಿಹೋಗುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

2018ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸುಮಾರು 2 ಕೋಟಿ 78 ಲಕ್ಷ ಡಾಲರಿನ ರಾಜಿಯಾಯಿತು. ಬಣ್ಣ, ಕೀಟನಾಶಕ, ಬ್ಯಾಟರಿ ಮೊದಲಾದ ಅಪಾಯಕಾರಿ ಕಸವನ್ನು ಸಾಮಾನ್ಯ ಕಸದ ತೊಟ್ಟಿಗೆ ಹಾಕಲಾಗಿತ್ತೆಂದು ತಪಾಸಣಾಧಿಕಾರಿಗಳು ಆಪಾದಿಸಿದ್ದರು. ಇದೇ ಕಂಪೆನಿ ಹಳೆಯ ಬ್ಯಾಟರಿಗಳನ್ನೂ ಸಿಎಫ್‌ಎಲ್ ದೀಪಗಳನ್ನೂ ಗಿರಾಕಿಗಳಿಂದ ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿತ್ತು. ಮುಂಬಾಗಿಲಲ್ಲಿ ಸಂಗ್ರಹದ ಪೆಟ್ಟಿಗೆ, ಹಿಂಬಾಗಿಲಲ್ಲಿ ತೊಟ್ಟಿ! ಎರಡನ್ನೂ ನೋಡಿದವನೇ ಸರಿಯಾಗಿ ನೋಡಿದವನು.

2020ರ ಡಿಸೆಂಬರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಕರಣ ಬಂದಿತು. 1978ಕ್ಕೆ ಹಿಂದಿನ ಅಮೆರಿಕದ ಮನೆಗಳಲ್ಲಿ ಸೀಸ ಬೆರೆತ ಬಣ್ಣವಿರುವ ಸಂಭವ ಹೆಚ್ಚು. ಅದನ್ನು ಕೆರೆದಾಗ ಏಳುವ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ಇಂತಹ ಮನೆಗಳ ದುರಸ್ತಿಗೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರನ್ನೇ ಕಳುಹಿಸಬೇಕೆಂದು ನಿಯಮವಿದೆ. ಹೋಮ್ ಡಿಪೋ ತನ್ನ ಹೆಸರಿನಲ್ಲಿ ಕಳುಹಿಸಿದ ಗುತ್ತಿಗೆದಾರರಲ್ಲಿ ಅನೇಕರಿಗೆ ಅದು ಇರಲಿಲ್ಲ ಎಂಬುದು ಆಪಾದನೆ. ದಂಡ 2 ಕೋಟಿ 7 ಲಕ್ಷ 50 ಸಾವಿರ ಡಾಲರ್. ಇದು ಹೊರಬಿದ್ದದ್ದು ಹೇಗೆ? ಐದು ಮಂದಿ ಗಿರಾಕಿಗಳು ಕೊಟ್ಟ ದೂರಿನ ಬೆನ್ನು ಹಿಡಿದು.

ಈಗ ಮೊದಲು ಹೇಳಿದ ಅಂಕಿಯನ್ನು ನೆನಪಿಸಿಕೊಳ್ಳಿ. 13,200 ಕೋಟಿಯನ್ನು 365 ದಿನಗಳಿಗೆ ಭಾಗಿಸಿದರೆ ದಿನಕ್ಕೆ ಸುಮಾರು 36 ಕೋಟಿ ಡಾಲರ್. ಅಂದರೆ ದಂಡದ ಹಣ ಒಂದೂವರೆ ತಾಸಿನ ವ್ಯಾಪಾರಕ್ಕೂ ಕಡಿಮೆ. ಆದ್ದರಿಂದ ದಂಡದ ಗಾತ್ರ ನೋಡಿ ಮೆಚ್ಚುವುದೂ ಬೇಡ, ಬೆಚ್ಚುವುದೂ ಬೇಡ. ಗುತ್ತಿಗೆದಾರರ ಪ್ರಮಾಣಪತ್ರಗಳನ್ನು ದೇಶದಾದ್ಯಂತ ಪರಿಶೀಲಿಸಬೇಕು, ಕೆಲಸದ ಸ್ಥಳಕ್ಕೆ ಹೋಗಿ ತಪಾಸಣೆ ಮಾಡಬೇಕು ಎಂಬ ಷರತ್ತುಗಳೇ ಈ ರಾಜಿಯಲ್ಲಿ ಹೆಚ್ಚು ಬೆಲೆಯುಳ್ಳವು.

ನಾಲ್ಕನೆಯ ಪುಟ: ದುಡಿಯುವವರು

ಕಾಡು, ನೀರು, ಮಣ್ಣುಗಳ ಲೆಕ್ಕ ಹಾಕಿ ದುಡಿಯುವವರನ್ನು ಮರೆತರೆ ಖಾತೆ ಪೂರ್ಣವಾಗದು. ಮಹಿಳೆಯರನ್ನು ಹಣ ಪಡೆಯುವ ಗಲ್ಲಾಪೆಟ್ಟಿಗೆಯ ಬಳಿಯೇ ಕೂರಿಸಿ, ಬಡ್ತಿಗೆ ದಾರಿಯಾದ ಮಾರಾಟದ ಹುದ್ದೆಗಳಿಂದ ದೂರವಿಡಲಾಗಿದೆ ಎಂದು ಅಲ್ಲಿನ ನೌಕರ ಮಹಿಳೆಯರು ಮೊಕದ್ದಮೆ ಹೂಡಿದ್ದರು. ವಿಚಾರಣೆ ಆರಂಭವಾಗುವ ಮೊದಲೇ 1997ರಲ್ಲಿ ಕಂಪೆನಿ ರಾಜಿ ಮಾಡಿಕೊಂಡಿತು. ಇದಕ್ಕೂ ಸಂಬಂಧಪಟ್ಟ ಇತರ ಪ್ರಕರಣಗಳಿಗೂ ಸೇರಿ ತಗಲಿದ ವೆಚ್ಚ 10 ಕೋಟಿ ಡಾಲರಿಗೂ ಹೆಚ್ಚು. ನೇಮಕ ಮತ್ತು ಬಡ್ತಿಯ ಪದ್ಧತಿಯನ್ನು ತಿದ್ದಿಕೊಳ್ಳಲೂ ಅದು ಒಪ್ಪಿತು.

ಖಾತೆ ಓದುವ ಬಗೆ

ಒಂದು ಎಚ್ಚರಿಕೆ. ರಾಜಿಯಲ್ಲಿ ಮುಗಿದ ಪ್ರಕರಣವನ್ನು ತಪ್ಪೊಪ್ಪಿಗೆ ಎಂದು ತಿಳಿಯಬಾರದು. ಏನೂ ನಡೆದಿಲ್ಲ ಎಂದು ತಳ್ಳಿಹಾಕುವುದೂ ಸರಿಯಲ್ಲ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಲಸಿ ಸರಾಸರಿ ತೆಗೆಯುವುದಂತೂ ಕೂಡದು. ಚಿಲಿಯ ಕಾಡು ಉಳಿದದ್ದರಿಂದ ಸೀಸದ ಧೂಳು ಉಸಿರಾಡಿದ ಮಗುವಿಗೆ ಯಾವ ಪರಿಹಾರವೂ ಸಿಕ್ಕಂತಾಗುವುದಿಲ್ಲ. ಒಂದೊಂದು ಬಾಬನ್ನೂ ಬೇರೆ ಬೇರೆಯಾಗಿಟ್ಟು ನಾಲ್ಕು ಪ್ರಶ್ನೆ ಕೇಳಬೇಕು:

1. ಇದು ಕಂಪೆನಿ ಹೇಳಿದ ಮಾತೇ, ಹೊರಗಿನವರು ಪರೀಕ್ಷಿಸಿದ ಸಂಗತಿಯೇ?
2. ಕೊಟ್ಟ ಮಾತಿಗೆ ತಾರೀಖು ಇದೆಯೇ? ಆ ತಾರೀಖು ಕಳೆದ ಮೇಲೆ ಯಾರಾದರೂ ಲೆಕ್ಕ ಕೇಳಿದರೇ?
3. ಮಾತು ವ್ಯಾಪಾರದ ದೊಡ್ಡ ಪಾಲನ್ನು ಮುಟ್ಟುತ್ತದೆಯೇ, ಅಂಚನ್ನು ಮಾತ್ರ ಮುಟ್ಟುತ್ತದೆಯೇ?
4. ತಪ್ಪು ಹೊರಬಿದ್ದ ಮೇಲೆ ದುಡ್ಡು ಮಾತ್ರ ಕೈ ಬದಲಾಯಿತೇ, ಪದ್ಧತಿಯೂ ಬದಲಾಯಿತೇ?

ಈ ನಾಲ್ಕರಲ್ಲಿ ಅದ್ದಿ ನೋಡಿದರೆ ಹೋಮ್ ಡಿಪೋ ಕಂಪೆನಿಯ ಖಾತೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಒಳ್ಳೆಯ ಬದಲಾವಣೆಗಳು ಬಂದಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಹೊರಗಿನಿಂದ ಯಾರೋ ಕೇಳಿದ ಮೇಲೆ ಬಂದವು: ಚಳವಳಿಗಾರರು, ನೊಂದ ಕುಟುಂಬಗಳು, ನೌಕರ ಮಹಿಳೆಯರು, ಷೇರುದಾರರು, ಐದು ಮಂದಿ ಗಿರಾಕಿಗಳು. ದೊಡ್ಡ ಅಂಗಡಿಯನ್ನು ನೇರಗೊಳಿಸುವುದು ಅದರ ದೊಡ್ಡತನವಲ್ಲ, ಬಿಡದೆ ಕೇಳುವ ಜನ.

ನಮ್ಮ ಖಾತೆ

ಈಗ ನಮ್ಮ ಕಡೆಗೆ ತಿರುಗೋಣ. ಯೂರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಡುನಾಶ ವಿರೋಧಿ ನಿಯಮದಲ್ಲಿ ಮರವೂ ಕಾಫಿಯೂ ಒಂದೇ ಪಟ್ಟಿಯಲ್ಲಿವೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ನೆಲದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗೆ ಒಂದು ಬಿಂದು ಸಾಕು. ಜಾರಿಯ ದಿನವನ್ನು ಎರಡು ಸಲ ಮುಂದಕ್ಕೆ ಹಾಕಲಾಗಿದೆಯೆಂದು ನಾವು ಮೈಮರೆಯಬಾರದು.

ದೊಡ್ಡ ಅಂಗಡಿ ಕೊಟ್ಟ ಮಾತಿನ ಭಾರ ಕೊನೆಗೆ ಇಳಿಯುವುದು ಬೆಳೆಯುವವನ ಹೆಗಲ ಮೇಲೆ. ಅದನ್ನು ಅನ್ಯಾಯವೆಂದು ಹೇಳುವ ಹಕ್ಕು ನಮಗಿದೆ. ದಾಖಲೆ ಮಾಡುವ ಖರ್ಚಿನಲ್ಲಿ ಕೊಳ್ಳುವವನೂ ಪಾಲು ಹೊರಬೇಕೆಂದು ಒಂದೇ ದನಿಯಲ್ಲಿ ಕೇಳಲು ಸಹಕಾರ ಸಂಘಕ್ಕಿಂತ ಒಳ್ಳೆಯ ಸಾಧನ ನಮಗೆ ಬೇರೆ ಇಲ್ಲ. ಆದರೆ ಕೇಳುವವನ ಕೈಯಲ್ಲಿಯೂ ಖಾತೆ ಇರಬೇಕು. ಹತ್ತು ಎಕರೆಯ ಸಣ್ಣ ಬೆಳೆಗಾರನಿಗೆ ಅದು ಬೆಟ್ಟದಂತಹ ಕೆಲಸವಲ್ಲ. ಪಹಣಿಯ ಪ್ರತಿ, ತೋಟದ ನಕ್ಷೆ, ಯಾವ ದಿನ ಯಾವ ಔಷಧ ಎಷ್ಟು ಹೊಡೆದೆವು ಎಂಬ ಪುಸ್ತಕ, ಆಳುಗಳ ಕೂಲಿಯ ಪಟ್ಟಿ, ಇಷ್ಟನ್ನು ಒಂದೆಡೆ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಅಭ್ಯಾಸಕ್ಕೆ

ಮುಂದಿನ ಗ್ರಾಮ ಸಭೆಗೆ ಮುಂಚೆ ಸದಸ್ಯರು ಈ ಮೂರನ್ನು ಮಾಡಿ ನೋಡಬೇಕೆಂದು ಕೋರುತ್ತೇವೆ.

1. ನಿಮ್ಮ ಉಗ್ರಾಣದ ಕೀಟನಾಶಕದ ಡಬ್ಬಿಗಳ ಪಟ್ಟಿ ಮಾಡಿ. ಖಾಲಿ ಡಬ್ಬಿಗಳು ಎಲ್ಲಿಗೆ ಹೋದವೆಂದು ಪಕ್ಕದಲ್ಲಿ ಬರೆಯಿರಿ.
2. ನೀವು ಸಾಮಾನು ಕೊಳ್ಳುವ ಅಂಗಡಿಗೆ, ಅದು ನಮ್ಮ ಸಂಘದ ಮಳಿಗೆಯೇ ಆಗಿರಲಿ, ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಕೇಳಿ.
3. ಅವೇ ನಾಲ್ಕು ಪ್ರಶ್ನೆಗಳನ್ನು ನಿಮ್ಮ ತೋಟಕ್ಕೂ ಕೇಳಿ.

ಮೂರನೆಯದಕ್ಕೆ ಉತ್ತರ ಬರೆಯುವಾಗ ಯಾರೂ ನೋಡುತ್ತಿರುವುದಿಲ್ಲ. ಚೂರಿಯನ್ನು ಉಜ್ಜಿ ಇಟ್ಟುಕೊಳ್ಳಬೇಕಾದುದು ಆಗಲೇ.