ಪಶ್ಚಾತ್ತಾಪವು ಕಲಿಸುವ ಪಾಠ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸರ ಆರಾಧನೆಯ ಪುಣ್ಯದಿನ. ಹರಿಕಥಾಮೃತಸಾರದಂತಹ ತತ್ತ್ವಗ್ರಂಥವನ್ನು ಭಾಮಿನೀ ಷಟ್ಪದಿಯಲ್ಲಿ ಅನುಗ್ರಹಿಸಿದ ಈ ಮಹನೀಯರು (1728–1809) ಪೂರ್ವದಲ್ಲಿ ಕನ್ನಡ ಪದಗಳನ್ನು ಹಾಡುವ ಹರಿದಾಸರನ್ನು ಹಗುರವಾಗಿ ಕಂಡಿದ್ದರೆಂಬುದು ಸಂಪ್ರದಾಯಪ್ರಸಿದ್ಧ ಸಂಗತಿ. ಅವರ ಮಹಿಮೆಯನ್ನು ಕೊಂಡಾಡುವ ನಾವು ಅವರ ಪಶ್ಚಾತ್ತಾಪವನ್ನೂ ಮನನ ಮಾಡುವುದು ಯುಕ್ತವಾಗಿದೆ.

ಅವರು ಶ್ರೀನಿವಾಸಾಚಾರ್ಯರೆಂಬ ಹೆಸರಿನಿಂದ ಸಂಸ್ಕೃತ ಪಂಡಿತರಾಗಿ ಖ್ಯಾತರಾಗಿದ್ದ ಕಾಲವದು. ಮಾನವಿಗೆ ದಯಮಾಡಿಸಿದ್ದ ಶ್ರೀ ವಿಜಯದಾಸರು ಅವರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ಊಟ ತಡವಾದರೆ ಉದರಶೂಲೆ ಬರುವುದೆಂಬ ನೆಪ ಹೇಳಿ ಆಚಾರ್ಯರು ಹೋಗಲಿಲ್ಲ. ನೆಪವೇ ನಿಜವಾಯಿತು. ಬಹುಕಾಲ ನರಳಿ, ಕಡೆಗೆ ವಿಜಯದಾಸರಿಗೇ ಶರಣಾದರು. ಅವರ ಆಜ್ಞೆಯಂತೆ ಶ್ರೀ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಹಿರಿಯರು ಹೇಳುವರು. ರೋಗವು ಗುಣವಾದ ಮೇಲೆ ಆಚಾರ್ಯರು ಹಿಂದಿನಂತೆ ಇರಲಿಲ್ಲ. ಪಾಂಡಿತ್ಯವನ್ನು ಬಿಡಲಿಲ್ಲ, ಅದರ ಗರ್ವವನ್ನು ಬಿಟ್ಟರು. ಯಾವ ಭಾಷೆಯ ಪದಗಳನ್ನು ಕಡೆಗಣಿಸಿದ್ದರೋ ಅದೇ ಭಾಷೆಯಲ್ಲಿ ಶಾಸ್ತ್ರಸಾರವನ್ನು ತುಂಬಿ ಮನೆಮನೆಗೆ ತಲುಪಿಸಿದರು.

ಕೇವಲ ದುಃಖವು ಪಶ್ಚಾತ್ತಾಪವಲ್ಲ. ತಪ್ಪನ್ನು ಒಪ್ಪಿಕೊಳ್ಳುವುದು, ಅದಕ್ಕಾಗಿ ಬೇಯುವುದು, ಮತ್ತೆ ಹೀಗೆ ಮಾಡೆನೆಂದು ನಿವೃತ್ತನಾಗುವುದು, ಈ ಮೂರನ್ನೂ ಮನುಸ್ಮೃತಿಯ 11ನೆಯ ಅಧ್ಯಾಯವು ಹೇಳುತ್ತದೆ. ಅನುತಾಪವುಳ್ಳವನಿಗೆ ಹರಿಸ್ಮರಣೆಯೇ ಪರಮ ಪ್ರಾಯಶ್ಚಿತ್ತವೆಂದು ವಿಷ್ಣುಪುರಾಣವು ಸಾರುತ್ತದೆ. 'ಎಲ್ಲವೂ ಹರಿಚಿತ್ತ, ನನ್ನದೇನಿದೆ?' ಎಂದು ಜಾರಿಕೊಳ್ಳಲು ನಮ್ಮ ಸಿದ್ಧಾಂತದಲ್ಲಿ ಎಡೆಯಿಲ್ಲ. ಜೀವನ ಕರ್ತೃತ್ವವು ಹರಿಯ ಅಧೀನವಾದರೂ ಸುಳ್ಳಲ್ಲ. ಆದ್ದರಿಂದಲೇ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿದೆ.

ಇದನ್ನು ಬರೆಯುವ ಅರ್ಹತೆ ನಮಗೆ ಬಂದುದು ನಮ್ಮದೇ ತಪ್ಪಿನಿಂದ. ಪಾಠಶಾಲೆಯ ವ್ಯಾಸಂಗ ಮುಗಿಸಿ, ಬಿ.ಎ. ಪದವಿಯನ್ನೂ ಪಡೆದು ಊರಿಗೆ ಮರಳಿದ ಹೊಸತು. ತೀರ್ಥರೂಪರು ಅರ್ಚಕರಾಗಿದ್ದ ದೇವಸ್ಥಾನದಲ್ಲಿ ಪ್ರತಿ ಏಕಾದಶಿಯ ರಾತ್ರಿ ವೃದ್ಧ ಮಾತೆಯೊಬ್ಬರು ಹರಿಕಥಾಮೃತಸಾರದ ಸಂಧಿಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಒಂದು ರಾತ್ರಿ ಅವರ ಉಚ್ಚಾರದ ದೋಷವನ್ನು ನಾವು ಎಲ್ಲರೆದುರಿಗೆ ತಿದ್ದಿದೆವು, ಅದೂ ಎರಡು ಬಾರಿ. "ಹೌದಪ್ಪ, ನೀನು ಓದಿದವನು, ನಾವು ಕೇಳಿ ಕಲಿತವರು" ಎಂದು ಆಕೆ ಸುಮ್ಮನಾದರು. ಮುಂದಿನ ಏಕಾದಶಿಗೆ ಬಂದರು, ಕಂಬದ ಮರೆಯಲ್ಲಿ ಕುಳಿತರು, ಬಾಯಿ ತೆರೆಯಲಿಲ್ಲ. ಆ ರಾತ್ರಿ ತೀರ್ಥರೂಪರು ಹೇಳಿದ ಮಾತು ಇಷ್ಟೇ: "ಆಕೆಯ ತಪ್ಪು ಅಕ್ಷರದಲ್ಲಿತ್ತು. ನಿನ್ನದು ಎಲ್ಲಿದೆ, ನೋಡಿಕೋ."

ನೋಡಿಕೊಳ್ಳಲು ನಮಗೆ ತಿಂಗಳುಗಳೇ ಹಿಡಿದವು. ಕ್ಷಮೆ ಕೇಳಬೇಕೆಂದು ನಿಶ್ಚಯಿಸಿದ್ದರೂ ಸಂಕೋಚದಿಂದ ನಾಳೆ ನಾಳೆ ಎನ್ನುತ್ತಿರುವಾಗಲೇ ಆಕೆ ಹರಿಪಾದವನ್ನು ಸೇರಿದರು. ಶ್ರೀನಿವಾಸಾಚಾರ್ಯರಿಗೆ ದೊರೆತ ಅವಕಾಶವನ್ನು ನಾವು ಕೈಯಾರೆ ಕಳೆದುಕೊಂಡೆವು.

ಈ ಋಣವನ್ನು ತೀರಿಸಲಾಗದು, ಆದರೆ ಅದು ಕಲಿಸಿದ ಪಾಠವನ್ನು ಬಿಡಲೂ ಆಗದು. ಈಗ ತಿದ್ದಬೇಕಾದುದನ್ನು ಏಕಾಂತದಲ್ಲಿ ತಿದ್ದುತ್ತೇವೆ. ಏಕಾದಶಿಯ ಭಜನೆಯನ್ನು ಹಿರಿಯ ಮಾತೆಯರಿಂದಲೇ ಆರಂಭಿಸುತ್ತೇವೆ, ಅವರು ಹೇಳುವ ಧಾಟಿಯನ್ನು ಕುಳಿತು ಕಲಿಯುತ್ತೇವೆ.

ಸಂಧ್ಯಾವಂದನೆಯ ಮಂತ್ರಾಚಮನದಲ್ಲಿ ಪ್ರಾತಃಕಾಲ ರಾತ್ರಿಯ ಪಾಪಗಳನ್ನೂ ಸಾಯಂಕಾಲ ಹಗಲಿನ ಪಾಪಗಳನ್ನೂ ನಾವು ನಿವೇದಿಸಿಕೊಳ್ಳುತ್ತೇವೆ. ಮನಸ್ಸಿನ ನಂತರ ಅಲ್ಲಿ ಬರುವುದು ಮಾತು, ಕೈಕಾಲುಗಳು ಅದರ ನಂತರ. ಅಂದಿನ ತಪ್ಪನ್ನು ಅಂದೇ ಒಪ್ಪಿಕೊಳ್ಳಲಿ ಎಂದೇ ಈ ನಿತ್ಯವಿಧಿ ಇದೆಯಲ್ಲವೇ? ಆ ನೀರನ್ನು ಅಂಗೈಯಲ್ಲಿ ಹಿಡಿದಾಗ ಇಂದು ಯಾರ ಮನಸ್ಸನ್ನು ನೋಯಿಸಿದೆವೆಂದು ಒಂದು ಕ್ಷಣ ಸ್ಮರಿಸೋಣ. ಅವರ ಮನೆಯ ಬಾಗಿಲು ತೆರೆದಿರುವಾಗಲೇ ಹೋಗಿ ಬರೋಣ.

॥ ಶ್ರೀ ಕೃಷ್ಣಾರ್ಪಣಮಸ್ತು ॥