ತೋಟೆ ತುಂಡಾದದ್ದು ಮದ್ದಿನಿಂದಲ್ಲ

ವೈಲ್ಡ್‌ಕ್ಯಾಟ್ ತೋಟೆಯಲ್ಲಿ, ಅಂದರೆ ಮಾಮೂಲಿ ತೋಟೆಯ ಆಕಾರ ಬದಲಿಸಿ ಮಾಡಿಕೊಂಡ ತೋಟೆಯಲ್ಲಿ, ಏನು ಎಡವಟ್ಟಾದರೂ ಎಲ್ಲರೂ ಮೊದಲು ಬೆರಳು ತೋರಿಸುವುದು ಮದ್ದು ತುಂಬಿದವನ ಕಡೆಗೆ. ಛೇಂಬರ್ ಕೊರೆದವನನ್ನು ಯಾರೂ ಕೇಳುವುದಿಲ್ಲ. ಬಾಯ್ಸಿ ಹೊರವಲಯದ ರೇಂಜಿನಲ್ಲಿ ನನ್ನ ಕೋವಿಯೊಳಗೆ ತೋಟೆ ತುಂಡಾದ ಮೇಲೆ ನನ್ನ ಮೇಲೂ ಅದೇ ಆರೋಪ ಬಂತು. ಅದು ಸುಳ್ಳು ಆರೋಪ. ಹಿತ್ತಾಳೆ ಕೇಸನ್ನು ಕೊಯ್ದು, ಅಳತೆ ಹಿಡಿದು ಅದನ್ನು ತೋರಿಸಿದ್ದೇನೆ. ಅಮೆರಿಕದಲ್ಲಿ ತೋಟೆ ತುಂಬಿಕೊಳ್ಳುವ ಹವ್ಯಾಸ ಹಚ್ಚಿಕೊಂಡಿರುವ ಕನ್ನಡಿಗರು, ಅದರಲ್ಲೂ ನನ್ನ ಹಾಗೆ ಕೊಡಗಿನಿಂದ ಬಂದು ಕೋವಿಯ ಮೇಲಿನ ಪ್ರೀತಿ ಬಿಡಲಾಗದವರು, ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನದು ಹಳೆಯ ಮೌಸರ್ 98 ಆಕ್ಷನ್, ಅದಕ್ಕೆ .30-06 ನಳಿಗೆ. ಕೋವಿ ಕೆಲಸಗಾರನೊಬ್ಬನಿಂದ ಛೇಂಬರ್ ಕೊರೆಸಿ ಅದನ್ನು .30-06 ಆ್ಯಕ್ಲಿ ಇಂಪ್ರೂವ್ಡ್ ಮಾಡಿಸಿದೆ. ಇದರಿಂದ ಗುಂಡಿನ ವೇಗ ಹೆಚ್ಚುವುದು ಅಲ್ಪಸ್ವಲ್ಪ, ಅದಕ್ಕಾಗಿ ನಾನು ಆಸೆಪಟ್ಟವನಲ್ಲ. ಮೂಲ ತೋಟೆಯ ಭುಜದ ಇಳಿಜಾರು ಹದಿನೇಳೂವರೆ ಡಿಗ್ರಿ, ಆ್ಯಕ್ಲಿಯದು 40. ಚೂಪು ಭುಜ, ನೆಟ್ಟಗಿನ ಗೋಡೆ ಇರುವ ಕೇಸು ಹಿಗ್ಗಿ ಉದ್ದವಾಗುವುದು ಕಡಿಮೆ, ಪದೇ ಪದೇ ಅಂಚು ಕತ್ತರಿಸಬೇಕಾಗುವುದಿಲ್ಲ, ಹೆಚ್ಚು ಬಾಳಿಕೆ ಬರುತ್ತದೆ. ಕೊಲರಾಡೊದ ಟ್ರಿನಿಡಾಡ್ ಕಾಲೇಜಿನಲ್ಲಿ ಕೋವಿ ಕೆಲಸ ಕಲಿಸಿದ, ಆಮೇಲೆ ಯೂಟಾದಲ್ಲಿ ನೆಲೆಸಿದ ಪಿ. ಒ. ಆ್ಯಕ್ಲಿ ಇಂಥ ಕೇಸುಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿದವರು. ವಿಂಚೆಸ್ಟರ್ 94 ಕೋವಿಯೊಂದನ್ನು .30-30 ಇಂಪ್ರೂವ್ಡ್ ಮಾಡಿ, ಅದರ ಬೋಲ್ಟಿಗೆ ಆಸರೆಯಾದ ಲಾಕನ್ನೇ ತೆಗೆದು ಗುಂಡು ಹಾರಿಸಿ, ಒಣ ಛೇಂಬರಿನ ಗೋಡೆಯನ್ನು ಕೇಸು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದ್ದರು. ಆ ಹಿಡಿತ ಒಳ್ಳೆಯದೇ. ಆದರೆ ಕೇಸಿನ ಹಿಂದೆ ಜಾಗ ಉಳಿದಿದ್ದರೆ ಅದೇ ಹಿಡಿತ ಕೇಸನ್ನು ಎಳೆದು ಹರಿಯುತ್ತದೆ. ನನಗಾದದ್ದು ಇದೇ.

ಈ ತೋಟೆಯ ಕೇಸು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥದಲ್ಲ. ಮಾಮೂಲಿ .30-06 ತೋಟೆಯನ್ನು ಹೊಸ ಛೇಂಬರಿನಲ್ಲಿ ಹಾರಿಸಬೇಕು, ಹಿತ್ತಾಳೆ ಉಬ್ಬಿ ಹೊಸ ಆಕಾರಕ್ಕೆ ಬರುತ್ತದೆ. ಹೀಗೆ ಉಬ್ಬಿಸುವಾಗ ಕೇಸು ಬೋಲ್ಟಿಗೂ ಕತ್ತಿನ ಬುಡಕ್ಕೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರಬೇಕು. ಅದಕ್ಕಾಗಿ ಛೇಂಬರ್ ಮೂಲದ್ದಕ್ಕಿಂತ 0.004 ಇಂಚು ಗಿಡ್ಡವಿರಬೇಕು. ಅಂದರೆ ನಳಿಗೆ ಬಿಚ್ಚಿ, ಹಿಂದಿನಿಂದ ಸ್ವಲ್ಪ ಕತ್ತರಿಸಿ, ಆಮೇಲೆ ಛೇಂಬರ್ ಕೊರೆಯುವ ರೀಮರ್ ಹಾಕಬೇಕು. ಮೌಸರ್ ನಳಿಗೆಯಲ್ಲಿ ಇಂಚಿಗೆ ಹನ್ನೆರಡು ತಿರುಪಿನ ಮರೆ, ಒಂದು ಸುತ್ತು ಹಿಂದೆ ಸರಿಸಿದರೆ 0.083 ಇಂಚು. ಲೇತ್ ಮೇಲೆ ಅರ್ಧ ದಿನದ ಕೆಲಸ. ಆದರೆ ಛೇಂಬರ್ ಕೊರೆದ ನಮ್ಮ ಮಹಾಶಯ ನಳಿಗೆಯನ್ನು ಅಲ್ಲಾಡಿಸದೆ ಇದ್ದಲ್ಲೇ ರೀಮರ್ ತಿರುಗಿಸಿ, ಪೂರ್ತಿ ಕೆಲಸದ ಬಿಲ್ಲು ಕೊಟ್ಟಿದ್ದ.

ಲಕ್ಷಣ ಮೊದಲ ತೋಟೆಗಳಲ್ಲೇ ಕಂಡಿತ್ತು. ಮದ್ದು ಮಧ್ಯಮ ಪ್ರಮಾಣದ್ದು, ಆದರೂ ಕೇಪುಗಳು ಚಪ್ಪಟೆಯಾಗಿ ಹೊರಬಂದವು. ಚಪ್ಪಟೆ ಕೇಪು ಕಂಡರೆ ಎಲ್ಲರೂ ಒತ್ತಡ ಜಾಸ್ತಿ ಎನ್ನುತ್ತಾರೆ. ಅವನಿಗೆ ಫೋನ್ ಮಾಡಿದೆ. ಮದ್ದು ಇಳಿಸು ಎಂದ. ಇಳಿಸಿದೆ. ಆಗ ಕೇಪುಗಳು ಕೇಸಿನ ತಳದಿಂದ ಹೊರಕ್ಕೆ ಉಬ್ಬಿಕೊಂಡು ಬಂದವು. ಅದನ್ನೂ ಹೇಳಿದೆ. ಕೇಪನ್ನು ಸರಿಯಾಗಿ ಕೂರಿಸಿಲ್ಲ ಎಂದ. ಈ ಕಸುಬಿನಲ್ಲಿ ತಲೆ ನರೆತವನಿಗೆ ಆ ಎರಡು ಲಕ್ಷಣ ಒಟ್ಟಿಗೆ ಕಂಡಾಗ ರೋಗ ಗೊತ್ತಾಗಲೇಬೇಕಿತ್ತು. ಹಿಂದೆ ಸಂದು ಇದ್ದರೆ ಈಡು ಸಿಡಿದಾಗ ಕೇಪು ಮೊದಲು ಹಿಂದಕ್ಕೆ ಜಾರುತ್ತದೆ. ಒತ್ತಡ ಕಡಿಮೆಯಿದ್ದರೆ ಅಲ್ಲೇ ಉಳಿಯುತ್ತದೆ. ಒತ್ತಡ ಸಾಮಾನ್ಯ ಮಟ್ಟಕ್ಕೇರಿದರೆ ಕೇಸಿನ ತಳ ಹಿಂದಕ್ಕೆ ಎಳೆದುಕೊಂಡು ಬಂದು ಕೇಪನ್ನು ಬೋಲ್ಟಿಗೆ ಜಜ್ಜಿ ಚಪ್ಪಟೆ ಮಾಡುತ್ತದೆ. ಪ್ರತಿ ಸಲ ಹಾಗೆ ಎಳೆದಾಗಲೂ ತಳದ ಸ್ವಲ್ಪ ಮೇಲೆ ಹಿತ್ತಾಳೆ ತೆಳುವಾಗುತ್ತದೆ.

ಉಬ್ಬಿದ ಕೇಸುಗಳಿಗೆ ಕತ್ತು ಮಾತ್ರ ಬಿಗಿ ಮಾಡಿ ಮತ್ತೆ ತುಂಬಿದೆ. ಒಂದು ಶನಿವಾರ ಬೆಳಿಗ್ಗೆ ಭಾವನ ಜೊತೆ ರೇಂಜಿಗೆ ಹೋದೆ, ಎಲ್ಕ್ ಬೇಟೆಯ ಕಾಲ ಹತ್ತಿರವಾಗಿತ್ತು. ಈಡು ಹಾರಿದಾಗ ಸದ್ದಿನಲ್ಲೇ ಏನೋ ಬೇರೆಯಿತ್ತು. ಕೆನ್ನೆಗೆ ಬಿಸಿ ಗಾಳಿ ರಾಚಿತು, ಎಡಗೈ ಅಂಗೈಯಲ್ಲಿ ಚುರುಕ್ ಎಂದಿತು, ಕನ್ನಡಕದ ಬಲಗಾಜು ಪೂರ್ತಿ ಮಸುಕಾಯಿತು. ಕಣ್ಣು ಹೋಯಿತೆಂದೇ ಅಂದುಕೊಂಡೆ. ಕನ್ನಡಕ ತೆಗೆಯಲು ಧೈರ್ಯ ಬರಲಿಲ್ಲ. ತೆಗೆದರೆ ಏನು ಕಾಣುತ್ತದೋ, ಏನು ಕಾಣುವುದಿಲ್ಲವೋ ಎಂಬ ಭಯದಲ್ಲಿ ಬೆಂಚಿಗೆ ಒರಗಿ ಕೂತೆ. ಹೆಂಡತಿಗೆ ಹೇಗೆ ಹೇಳುವುದು ಎಂಬ ಯೋಚನೆ ಆಗಲೇ ಬಂದಿತ್ತು. ಕೊನೆಗೆ ಭಾವ ಕನ್ನಡಕ ತೆಗೆದ. ಮಸಿ, ಹಿತ್ತಾಳೆಯ ಸಣ್ಣ ಚೂರುಗಳು ಗಾಜಿನಲ್ಲಿ ನೆಟ್ಟಿದ್ದವು. ಕಣ್ಣು ಇತ್ತು. ಹಳೆಯ ಮೌಸರ್ ಬೋಲ್ಟಿನಲ್ಲಿ ಗ್ಯಾಸ್ ಹೊರಹೋಗಲು ಎರಡು ತೂತು, ಹಿಂದೆ ಅಗಲವಾದ ರೆಕ್ಕೆ ಇಟ್ಟಿದ್ದಾರಲ್ಲ, ಅದನ್ನು ರೂಪಿಸಿದ ಪಾಲ್ ಮೌಸರ್‌ಗೆ ನಾನು ಋಣಿ.

ಬೋಲ್ಟ್ ಎಳೆದಾಗ ಬಂದದ್ದು ಕೇಸಿನ ತಳ ಮಾತ್ರ, ಬಾಳೆದಿಂಡು ಕೊಯ್ದ ಹಾಗೆ ಸುತ್ತಲೂ ನೇರವಾಗಿ ತುಂಡಾಗಿತ್ತು. ಉಳಿದರ್ಧ ಛೇಂಬರಿನಲ್ಲೇ ಕಚ್ಚಿಕೊಂಡಿತ್ತು. ರೇಂಜಿನ ಅಧಿಕಾರಿ ಬಂದು ತಳವನ್ನು ತಿರುಗಿಸಿಯೂ ನೋಡದೆ, ಎಲ್ಲರೆದುರು, ಇದು ಓವರ್‌ಲೋಡ್ ಎಂದು ತೀರ್ಪು ಕೊಟ್ಟ. ಮದ್ದಿನ ಒತ್ತಡ ಅತಿಯಾಗಿದ್ದರೆ ಕೇಪಿನ ಗುಂಡಿ ಅಗಲವಾಗಿರುತ್ತದೆ, ತಳ ಹಿಗ್ಗಿರುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ಅವನು ಹೊರಗಿನವನು, ಹೋಗಲಿ. ಭಾವ ಅದೇ ಮಾತನ್ನು ಊರಿಗೆ ಫೋನ್ ಮಾಡಿ ಹೇಳಿದ. ವಿರಾಜಪೇಟೆಯಿಂದ ಅತ್ತೆ ಕರೆ ಮಾಡಿ, ಅಷ್ಟೊಂದು ಮದ್ದು ಯಾಕೆ ತುಂಬಿದೆ ಮಗನೇ ಎಂದು ಅತ್ತರು. ಆ ಅಳು ನನಗೆ ಸುಟ್ಟ ಕೆನ್ನೆಗಿಂತ ಹೆಚ್ಚು ನೋವು ಕೊಟ್ಟಿತು.

ಮುರಿದ ಕೇಸು ತೆಗೆಯುವ ಸಾಧನದಿಂದ ಉಳಿದರ್ಧ ತೆಗೆದೆ. ಜೊತೆಯ ಕೇಸುಗಳೊಳಗೆ ತುದಿ ಬಗ್ಗಿಸಿದ ಪೇಪರ್ ಕ್ಲಿಪ್ ಇಳಿಸಿ ಗೋಡೆ ಸವರಿದೆ. ತಳದ ಹತ್ತಿರ ಅದು ಕಾಲುವೆಯಂಥ ತಗ್ಗಿಗೆ ಬಿತ್ತು. ಒಂದನ್ನು ಉದ್ದಕ್ಕೆ ಕೊಯ್ದಾಗ ತೆಳುವಾದ ಉಂಗುರ ಕಣ್ಣಿಗೇ ಕಂಡಿತು. ಆಮೇಲೆ ಛೇಂಬರಿನ ಅಚ್ಚು ತೆಗೆದೆ. ಅದಕ್ಕೆ ಸೆರೋಸೇಫ್ ಎಂಬ, ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಗೇ ಕರಗುವ ಲೋಹ ಬರುತ್ತದೆ. ಮೊದಲು ಕುಗ್ಗಿ ಆಮೇಲೆ ಹಿಗ್ಗುವುದು ಅದರ ಗುಣ, ಎರಕ ಹೊಯ್ದ ಒಂದು ಗಂಟೆಗೆ ಛೇಂಬರಿನ ನಿಜ ಅಳತೆಯಲ್ಲಿರುತ್ತದೆ, ಆಗಲೇ ಅಳೆಯಬೇಕು. ಭುಜ ಇರಬೇಕಾದ ಜಾಗಕ್ಕಿಂತ ಮುಂದೆ ಇತ್ತು. ಛೇಂಬರಿನ ಉದ್ದ ಪರೀಕ್ಷಿಸುವ .30-06 ಗೋ ಗೇಜಿನ ತಳಕ್ಕೆ ಟೇಪಿನ ಪದರ ಅಂಟಿಸುತ್ತಾ ಹೋದೆ. 0.015 ಇಂಚು ದಪ್ಪವಾದ ಮೇಲೂ ಬೋಲ್ಟ್ ಮುಚ್ಚುತ್ತಿತ್ತು.

ಇವನ್ನೆಲ್ಲ ಹೊತ್ತುಕೊಂಡು ಅವನ ಅಂಗಡಿಗೆ ಹೋದೆ. ತನ್ನ ಗೋ ಗೇಜ್ ತೆಗೆದು ಛೇಂಬರಿಗೆ ಹಾಕಿ, ಬೋಲ್ಟ್ ಸಲೀಸಾಗಿ ಮುಚ್ಚಿ, ನೋಡು, ಸರಿಯಾಗಿಯೇ ಇದೆ ಎಂದ. ಆ್ಯಕ್ಲಿ ಪದ್ಧತಿಯಲ್ಲಿ ಮೂಲ ತೋಟೆಯ ಗೋ ಗೇಜೇ ನೋ-ಗೋ. ಅದರ ಮೇಲೆ ಬೋಲ್ಟ್ ಮುಚ್ಚಲೇಬಾರದು. ತನ್ನ ಕೈಯಿಂದಲೇ ತನ್ನ ತಪ್ಪನ್ನು ಸಾಬೀತು ಮಾಡಿ, ದುಡ್ಡು ವಾಪಸ್ ಕೊಡುವುದಿಲ್ಲ ಎಂದ. ಬೇರೆಯವನೊಬ್ಬ ನಳಿಗೆಯನ್ನು ಒಂದು ಮರೆ ಹಿಂದೆ ಸರಿಸಿ ಮತ್ತೆ ಕೊರೆದು ಕೊಟ್ಟ. ಈಗ ಬೋಲ್ಟ್ ಮುಚ್ಚುವಾಗ ಹೊಸ ತೋಟೆ ತುಸು ಬಿಗಿಯುತ್ತದೆ, ಮೊದಲು ತುಂಬುತ್ತಿದ್ದಷ್ಟೇ ಮದ್ದಿಗೆ ಕೇಪು ಸರಿಯಾಗಿರುತ್ತದೆ, ಯಾವ ಕೇಸಿನಲ್ಲೂ ಉಂಗುರವಿಲ್ಲ. ಕೊಯ್ದ ಕೇಸನ್ನು ಭಾವನಿಗೆ ಕೊಟ್ಟಿದ್ದೇನೆ, ಅತ್ತೆಗೆ ಅವನೇ ಹೇಳಬೇಕು.

ಉಳಿದ ಮಾತು ಸ್ವಲ್ಪವೇ. ಕೇಸು ಉಬ್ಬಿಸುವ ಮುನ್ನ ಛೇಂಬರಿನ ಎಣ್ಣೆ ಒರೆಸಿ. ಉಬ್ಬಿದ ಕೇಸು ತುಸು ಗಿಡ್ಡವಾಗುತ್ತದೆ, ಉದ್ದ ಸರಿಪಡಿಸುವುದು ಅದಾದ ಮೇಲೆ. ಬೇರೆಯವರ ಛೇಂಬರಿನ ಮದ್ದಿನ ಲೆಕ್ಕ ನಿಮ್ಮದಕ್ಕೆ ಹಾಕಬೇಡಿ. ಕೇಸನ್ನು ಮತ್ತೆ ಬಿಗಿ ಮಾಡುವ ಡೈಯನ್ನು ಭುಜ ಹಿಂದೆ ಸರಿಯುವಷ್ಟು ಕೆಳಗಿಳಿಸಿದರೂ ಇದೇ ಕಾಯಿಲೆ ಬರುತ್ತದೆ. ಕನ್ನಡಕವಿಲ್ಲದೆ ಕೋವಿ ಮುಟ್ಟಬೇಡಿ. ಊರಿನವರಿಗೆ ಇನ್ನೊಂದು ಮಾತು: ಅಮೆರಿಕದ ಕೇಂದ್ರ ಕಾನೂನಿನಂತೆ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಪರವಾನಗಿ ಬೇಡ, ನಮ್ಮಲ್ಲಿ ಹಾಗಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ತಯಾರಿಸುವುದಕ್ಕಲ್ಲ.

ಇಂಪ್ರೂವ್ಡ್ ಛೇಂಬರ್ ಮಾಡಿಸುವವರು ದುಡ್ಡು ಕೊಡುವ ಮುನ್ನ ಮೂಲ ತೋಟೆಯ ಗೋ ಗೇಜನ್ನು ನಿಮ್ಮೆದುರೇ ಹಾಕಿಸಿ. ಅದರ ಮೇಲೆ ಬೋಲ್ಟ್ ಮುಚ್ಚಿದರೆ ಆ ಕೋವಿಯನ್ನು ಅಂಗಡಿಯಿಂದ ಹೊರಗೆ ತರಬೇಡಿ.